ನೋಟದ ಗಾಡಿ, ಓಟದ ಗಾಡಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಕಾವ್ಯ, ಚರಿತ್ರೆ, ಅರ್ಥಶಾಸ್ತ್ರಗಳನ್ನು ಕುರಿತ ಲೇಖನಗಳ ನಡುವೆ ಮೋಟಾರ್ ಸೈಕಲ್ಲಿನ ಮಾತನ್ನು ಎತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ನಾನು ಹುಟ್ಟಿ ಬೆಳೆದುದು ರಿಪೇರಿ ಅಂಗಡಿಯೊಂದರ ಹಿಂಬದಿಯ ಮನೆಯಲ್ಲಿ. ಅಕ್ಷರಮಾಲೆಗಿಂತ ಮೊದಲು ಸ್ಪ್ಯಾನರುಗಳ ನಂಬರು ಕಲಿತವನು ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೂ ನಾನೇ ಮೊದಲಿಗ. ಈ ಎರಡು ವಿದ್ಯೆಗಳಿಗೂ ನಡುವೆ ಏನಾದರೂ ಸಂಬಂಧವುಂಟೆ ಎಂಬ ಕುತೂಹಲವೇ ಈ ಲೇಖನಕ್ಕೆ ಪ್ರೇರಣೆ.

ಕಳೆದ ದಸರಾ ರಜೆಯಲ್ಲಿ ನಮ್ಮ ತಂದೆಯವರಿಗೆ ಒಂದು ಚಿತ್ರವನ್ನು ತೋರಿಸಿದೆ. 1969ರಲ್ಲಿ ತೆರೆಕಂಡ ‘ಈಸಿ ರೈಡರ್’ ಎಂಬ ಅಮೆರಿಕದ ಚಲನಚಿತ್ರದಲ್ಲಿ ಪೀಟರ್ ಫೋಂಡಾ ಎಂಬ ನಟನು ಏರಿದ, ‘ಕ್ಯಾಪ್ಟನ್ ಅಮೆರಿಕ’ ಎಂದು ಹೆಸರಾದ ಮೋಟಾರ್ ಸೈಕಲ್ಲು ಅದು. ಟ್ಯಾಂಕಿನ ಮೇಲೆ ಆ ದೇಶದ ಬಾವುಟದ ನಕ್ಷತ್ರ, ಪಟ್ಟೆಗಳು. ಮುಂದಿನ ಚಕ್ರ ಗಾಡಿಯೊಡನೆ ಮುನಿಸಿಕೊಂಡು ದೂರ ಹೋದಂತೆ ಚಾಚಿಕೊಂಡ ಉದ್ದನೆಯ ಫೋರ್ಕು. ಮುಖ ನೋಡಿಕೊಳ್ಳಬಹುದಾದಂತೆ ಹೊಳೆಯುವ ಕ್ರೋಮ್. ತಂದೆಯವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಬಳಿಕ ಎರಡೇ ಪ್ರಶ್ನೆ ಕೇಳಿದರು: “ಇದನ್ನ ಮಾಡಿದೋರು ಯಾರಪ್ಪ? ದೂರ ಓಡಿಸಿ ನೋಡಿದಾರಾ?”

ಪ್ರದರ್ಶನಕ್ಕಾಗಿ ಕೈಯಿಂದ ಕಟ್ಟಿದ ಮೋಟಾರ್ ಸೈಕಲ್ಲುಗಳ ವಿಚಾರವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆಯೆಂದು ಈಗ ನನಗೆ ತೋರುತ್ತದೆ. ಒಂದು ನೋಟದ ಪ್ರಶ್ನೆ, ಇನ್ನೊಂದು ಓಟದ ಪ್ರಶ್ನೆ.

ಈ ಕಲೆಯ ಹುಟ್ಟು

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದು ಅಮೆರಿಕದ ಸೈನಿಕರು ಮನೆಗೆ ಮರಳಿದಾಗ, ಸೈನ್ಯದಲ್ಲಿ ಮಿಕ್ಕ ಮೋಟಾರ್ ಸೈಕಲ್ಲುಗಳು ಅಗ್ಗವಾಗಿ ದೊರೆಯುತ್ತಿದ್ದವು. 1903ರಲ್ಲಿ ಮಿಲ್ವಾಕಿ ನಗರದಲ್ಲಿ ಆರಂಭವಾದ ಹಾರ್ಲಿ-ಡೇವಿಡ್‌ಸನ್ ಸಂಸ್ಥೆಯ ಗಾಡಿಗಳು ಗಟ್ಟಿಮುಟ್ಟಾದವು. ಆದರೆ ಬಹು ಭಾರ. ತರುಣರು ಮಡ್ಗಾರ್ಡುಗಳನ್ನು ಗಿಡ್ಡ ಮಾಡಿದರು, ಬೇಡವಾದ ತಗಡು ಕಿತ್ತರು, ಸೀಟು ತಗ್ಗಿಸಿದರು. ‘ಚಾಪ್’ ಎಂದರೆ ಕತ್ತರಿಸುವುದು; ಹೀಗೆ ಕತ್ತರಿಸಿದ ಗಾಡಿಗೆ ‘ಚಾಪರ್’ ಎಂಬ ಹೆಸರಾಯಿತು. ಇಲ್ಲಿ ಒಂದಂಶವನ್ನು ಗಮನಿಸಬೇಕು. ಮೊದಲು ಕತ್ತರಿಸಿದುದು ನೋಟಕ್ಕಾಗಿ ಅಲ್ಲ; ಭಾರ ಇಳಿದು ಗಾಡಿ ಚುರುಕಾಗಿ ಓಡಲೆಂದು.

ಕಾಲಕ್ರಮದಲ್ಲಿ ನೋಟವೇ ಮುಂದಾಯಿತು. 1960ರ ದಶಕದಲ್ಲಿ ಫೋರ್ಕುಗಳು ಉದ್ದವಾದವು, ಹ್ಯಾಂಡಲ್ಲುಗಳು ಭುಜದೆತ್ತರಕ್ಕೆ ಏರಿದವು, ಪ್ರದರ್ಶನಗಳಲ್ಲಿ ಬಹುಮಾನಗಳು ಸಿಗತೊಡಗಿದವು. ಕ್ಯಾಲಿಫೋರ್ನಿಯದ ಆರ್ಲೆನ್ ನೆಸ್ ಎಂಬಾತನು 1947ರ ಹಳೆಯ ಹಾರ್ಲಿಯೊಂದನ್ನು ಕೊಂಡು, ತಾನೇ ರೂಪಿಸಿ ಬಣ್ಣ ಹಾಕಿ ಈ ದಾರಿ ಹಿಡಿದು, 2019ರಲ್ಲಿ ತೀರಿಕೊಳ್ಳುವ ವೇಳೆಗೆ ಜಗತ್ಪ್ರಸಿದ್ಧನಾಗಿದ್ದನು. ಬೀದಿಯ ಕುಶಲಿಗಳಿಂದ ಕಾರ್ಖಾನೆಯೂ ಪಾಠ ಕಲಿಯಿತು. 1971ರಲ್ಲಿ ಹಾರ್ಲಿ ಸಂಸ್ಥೆಯೇ ದೊಡ್ಡ ಗಾಡಿಯ ಚಾಸಿಸ್ಸಿಗೆ ಚಿಕ್ಕ ಗಾಡಿಯ ಮುಂಭಾಗವನ್ನು ಜೋಡಿಸಿ ‘ಸೂಪರ್ ಗ್ಲೈಡ್’ ಎಂಬುದನ್ನು ಮಾರುಕಟ್ಟೆಗೆ ತಂದಿತು.

ಕೈಗೆಲಸದ ಹಿರಿಮೆ

ಇಂಥ ಗಾಡಿಗಳ ಕೆಲಸ ಸಾಮಾನ್ಯವಾದುದಲ್ಲ. ಟ್ಯಾಂಕೊಂದನ್ನು ಮಾಡಬೇಕಾದರೆ ಚಪ್ಪಟೆ ತಗಡನ್ನು ಮರಳು ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು ಉಬ್ಬಿಸಬೇಕು. ಬಳಿಕ ಎರಡು ಉರುಳೆಗಳ ನಡುವೆ ಹಿಂದಕ್ಕೂ ಮುಂದಕ್ಕೂ ಎಳೆದು ನಯಮಾಡಬೇಕು. ಎಡ ಬಲ ಹೋಳುಗಳನ್ನು ತಗಡು ಸೊಟ್ಟಗಾಗದಂತೆ ಬೆಸೆಯಬೇಕು. ಕ್ರೋಮಿನ ಹೊಳಪೂ ಬರಿಯ ಕ್ರೋಮಿನದಲ್ಲ. ಉತ್ತಮ ಕೆಲಸದಲ್ಲಿ ಕೆಳಗೆ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಅತಿ ತೆಳುವಾದ ಕ್ರೋಮ್ ಹೀಗೆ ಮೂರು ಪದರಗಳಿರುತ್ತವೆ. ಉಕ್ಕನ್ನು ಮೊದಲೇ ಉಜ್ಜಿ ನುಣುಪು ಮಾಡದಿದ್ದರೆ ಪ್ರತಿಯೊಂದು ಗೀರೂ ಹೊಳಪಿನಲ್ಲಿ ಎದ್ದು ಕಾಣುತ್ತದೆ.

ಆದರೆ ನೋಟದ ಆಸೆ ಅತಿಯಾದಲ್ಲಿ ಅದೇ ಓಟಕ್ಕೆ ಮುಳುವಾಗುವುದುಂಟು. ಬೆಸುಗೆಯ ಉಬ್ಬು ಕಾಣಬಾರದೆಂದು ಅರೆದು ಸಮಮಾಡಿದರೆ, ಒಳಗೆ ಪೂರ್ತಿ ಬೆಸೆಯದ ಕೀಲು ದುರ್ಬಲವಾಗುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಮುಂದೆ ಬಿಡುವ ಬಿರುಕು ಕಣ್ಣಿಗೇ ಬೀಳುವುದಿಲ್ಲ. ಹೆಚ್ಚು ಗಡಸಾದ ಉಕ್ಕಿನ ಬೋಲ್ಟುಗಳಿಗೆ ಕ್ರೋಮ್ ಹಾಕುವಾಗ ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗುತ್ತದೆ. ಲೇಪವಾದೊಡನೆ ಒಲೆಯಲ್ಲಿಟ್ಟು ಕಾಯಿಸದಿದ್ದರೆ ಅಂಥ ಬೋಲ್ಟು ಮುನ್ಸೂಚನೆಯಿಲ್ಲದೆ ಮುರಿಯಬಹುದು. ಬಹುಮಾನ ಕೊಡುವವನ ಕಣ್ಣಿಗೆ ಇವಾವುವೂ ಕಾಣಿಸವು. ಮೊದಲು ತಿಳಿಯುವುದು ಸವಾರನಿಗೆ, ಅದೂ ರಸ್ತೆಯ ನಡುವೆ.

ಓಟದ ಲೆಕ್ಕ

ನಮ್ಮ ತಂದೆಯವರು ರಿಪೇರಿಯಾದ ಗಾಡಿಯನ್ನು ಕೆರೆಯ ಏರಿಯ ಮೇಲೆ ಓಡಿಸದೆ ಗಿರಾಕಿಗೆ ಒಪ್ಪಿಸುವುದಿಲ್ಲ. ಅಲ್ಲಿ ಜನಸಂಚಾರವಿಲ್ಲದ ಕಡೆ, ಅರೆ ಕ್ಷಣ ಹ್ಯಾಂಡಲ್ಲಿನಿಂದ ಕೈ ಸಡಿಲಿಸುತ್ತಾರೆ. ಗಾಡಿ ನೇರವಾಗಿ ಹೋಗಬೇಕು. ಎಡಕ್ಕೋ ಬಲಕ್ಕೋ ಎಳೆಯಕೂಡದು. ಅದೇಕೆ ನೇರವಾಗಿ ಹೋಗುತ್ತದೆಂಬುದು ನನಗೆ ಈ ಲೇಖನಕ್ಕಾಗಿ ಓದುವವರೆಗೂ ತಿಳಿದಿರಲಿಲ್ಲ.

ಹ್ಯಾಂಡಲ್ಲು ತಿರುಗುವ ಕುತ್ತಿಗೆಯು ನೆಟ್ಟಗಿರದೆ ಹಿಂದಕ್ಕೆ ಓರೆಯಾಗಿರುತ್ತದೆ. ಈ ಓರೆಗೆ ‘ರೇಕ್’ ಎಂದು ಹೆಸರು. ಕುತ್ತಿಗೆಯ ಗೆರೆಯನ್ನು ನೆಲದವರೆಗೆ ಎಳೆದೆವೆಂದು ಭಾವಿಸೋಣ. ಟೈರು ನೆಲ ಮುಟ್ಟುವ ಜಾಗ ಆ ಗೆರೆಗಿಂತ ತುಸು ಹಿಂದೆ ಇರುತ್ತದೆ. ಈ ಅಂತರವೇ ‘ಟ್ರೇಲ್’. ಆಫೀಸಿನ ಗಾಲಿಕುರ್ಚಿಯನ್ನು ತಳ್ಳಿದಾಗ ಅದರ ಪುಟ್ಟ ಗಾಲಿಗಳು ತಾವಾಗಿ ಹಿಂದಕ್ಕೆ ತಿರುಗಿ ಅನುಸರಿಸುವಂತೆ, ಟ್ರೇಲ್ ಇರುವುದರಿಂದ ಮುಂದಿನ ಚಕ್ರ ತಾನಾಗಿ ನೇರಕ್ಕೆ ಬರಲು ಯತ್ನಿಸುತ್ತದೆ.

ಲೆಕ್ಕ ಮಾಡಿ ನೋಡಬಹುದು. ಚಕ್ರದ ತ್ರಿಜ್ಯ 300 ಮಿ.ಮೀ., ಕುತ್ತಿಗೆಯ ಗೆರೆಗಿಂತ ಅಚ್ಚು 50 ಮಿ.ಮೀ. ಮುಂದೆ ಇದೆಯೆನ್ನಿ. ಓರೆ 27 ಡಿಗ್ರಿಯಾದರೆ ಟ್ರೇಲ್ ಸುಮಾರು 97 ಮಿ.ಮೀ. ಆಗುತ್ತದೆ. ಇದು ಪೇಟೆಯಲ್ಲೂ ಹೆದ್ದಾರಿಯಲ್ಲೂ ಹಿತವಾಗಿ ನಡೆಯುವ ಅಳತೆ. ಬೇರೇನನ್ನೂ ಬದಲಿಸದೆ ಓರೆಯನ್ನು 45 ಡಿಗ್ರಿಗೆ ತಂದರೆ ಟ್ರೇಲ್ ಸುಮಾರು 229 ಮಿ.ಮೀ.ಗೆ ಏರುತ್ತದೆ. ಅಂಥ ಗಾಡಿ ನೇರ ರಸ್ತೆಯಲ್ಲಿ ರೈಲಿನಂತೆ ಹೋದೀತು. ಆದರೆ ಸಂತೆಯ ಬೀದಿಯಲ್ಲಿ ನಿಧಾನವಾಗಿ ತಿರುಗಿಸಹೋದರೆ ಹ್ಯಾಂಡಲ್ಲು ಭಾರವಾಗಿ, ತಿರುಗಿದೊಡನೆ ಚಕ್ರ ಒಂದು ಪಕ್ಕಕ್ಕೆ ಧೊಪ್ಪನೆ ವಾಲುತ್ತದೆ. ಹೀಗೆ ವಾಲುವ ಗುಣ 27 ಡಿಗ್ರಿಯದಕ್ಕಿಂತ ಇಲ್ಲಿ ಸುಮಾರು ಮೂರು ಪಾಲು ಹೆಚ್ಚು.

ಬಲ್ಲ ಕುಶಲಿಗಳು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಫೋರ್ಕನ್ನು ಹಿಡಿಯುವ ಮೇಲಿನ ಕೆಳಗಿನ ಪಟ್ಟಿಗಳನ್ನು ಕುತ್ತಿಗೆಗಿಂತ ಇನ್ನಷ್ಟು ಓರೆಯಾಗಿ ಕೊರೆದು, ನೋಟ ಕೆಡದಂತೆ ಟ್ರೇಲನ್ನು ಮಾತ್ರ ತಗ್ಗಿಸುತ್ತಾರೆ. ಆದರೆ ಲೆಕ್ಕ ತಪ್ಪಿ ಟ್ರೇಲ್ ಇಲ್ಲವಾಗುವ ಮಟ್ಟಕ್ಕೆ ಬಂದರೆ ವೇಗದಲ್ಲಿ ಹ್ಯಾಂಡಲ್ಲು ನಡುಗತೊಡಗುತ್ತದೆ. ಆದುದರಿಂದ ಅಳತೆಯಿಲ್ಲದ ಅಂದ ಅಪಾಯಕ್ಕೆ ದಾರಿ.

ಕ್ಯಾಪ್ಟನ್ ಅಮೆರಿಕ ಗಾಡಿಗೆ ಮುಂದಿನ ಬ್ರೇಕೂ ಇರಲಿಲ್ಲ, ಹಿಂಬದಿಗೆ ಶಾಕ್ ಅಬ್ಸಾರ್ಬರೂ ಇರಲಿಲ್ಲ. ಬ್ರೇಕು ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಸರಿಯುವುದರಿಂದ, ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದ್ದೇ. ಅದನ್ನು ಬಿಟ್ಟುಕೊಟ್ಟು, ರಸ್ತೆಯ ಪ್ರತಿಯೊಂದು ಗುಂಡಿಯನ್ನೂ ಬೆನ್ನೆಲುಬಿಗೆ ಒಪ್ಪಿಸಿ ಆ ನೋಟವನ್ನು ಕೊಂಡುಕೊಳ್ಳಲಾಗಿತ್ತು. ಆದರೂ ಆ ಗಾಡಿ ಸವಾರನನ್ನು ಹೊತ್ತು ನಿಜವಾದ ಹೆದ್ದಾರಿಗಳಲ್ಲಿ ಓಡಿತು ಎಂಬುದು ಅದನ್ನು ಕಟ್ಟಿದವರ ಹೆಗ್ಗಳಿಕೆ.

ಶಿಲ್ಪವೋ, ವಾಹನವೋ?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪ್ರದರ್ಶನದ ಗಾಡಿಯನ್ನು ಶಿಲ್ಪವೆಂದೇ ನೋಡಬಾರದೇಕೆ? 1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾಸಂಗ್ರಹಾಲಯವೇ ಮೋಟಾರ್ ಸೈಕಲ್ಲುಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತ್ತು. ಹಂಪೆಯ ಕಲ್ಲಿನ ರಥ ಉರುಳುವುದಿಲ್ಲವೆಂದು ಯಾರೂ ದೂರುವುದಿಲ್ಲವಷ್ಟೆ.

ಆಕ್ಷೇಪಣೆ ನ್ಯಾಯವಾದುದೇ. ಆದರೆ ಹಂಪೆಯ ರಥ ರಥದ ರೂಪದ ಗುಡಿ. ಅದನ್ನು ಕಟ್ಟಿದವರು ಎಳೆಯಲೆಂದು ಕಟ್ಟಲಿಲ್ಲ. ನಮ್ಮ ಊರ ತೇರಿನ ಮಾತು ಬೇರೆ. ಅದರ ಮೇಲೂ ಕೆತ್ತನೆಯಿದೆ, ಬಣ್ಣವಿದೆ. ಆದರೆ ಜಾತ್ರೆಯ ದಿನ ಅದು ಅಲುಗದಿದ್ದರೆ ಕೆತ್ತನೆಯನ್ನು ಹೊಗಳುವವರು ಯಾರು? ಅಚ್ಚು ಮಾಡಿದ ಬಡಗಿಯೂ ಬೊಂಬೆ ಕೆತ್ತಿದ ಬಡಗಿಯೂ ಕೂಡಿದಾಗಲೇ ತೇರು. ಎಂಜಿನ್ನೂ ಸೀಟೂ ಇಟ್ಟು ವಾಹನವೆಂದು ಕರೆದ ಮೇಲೆ ಮೋಟಾರ್ ಸೈಕಲ್ಲಿಗೂ ಇದೇ ನ್ಯಾಯ.

ಈ ನ್ಯಾಯವನ್ನು ಒಪ್ಪಿದ ಕುಶಲಿಗಳು ಅಲ್ಲಿಯೂ ಇದ್ದಾರೆ. ಅಮೆರಿಕದ ದೂರದರ್ಶನದಲ್ಲಿ 2002ರಿಂದ ಕೆಲವು ವರ್ಷ ನಡೆದ ‘ಬೈಕರ್ ಬಿಲ್ಡ್-ಆಫ್’ ಎಂಬ ಕಾರ್ಯಕ್ರಮದಲ್ಲಿ ಇಬ್ಬರು ಕುಶಲಿಗಳು ಹೊಸ ಗಾಡಿ ಕಟ್ಟಿ, ಅದನ್ನು ತಾವೇ ದೂರದ ಮೇಳಕ್ಕೆ ಓಡಿಸಿಕೊಂಡು ಹೋಗುತ್ತಿದ್ದರು. ಜನ ಮತ ಹಾಕುತ್ತಿದ್ದುದು ಆಮೇಲೆ. ಜಪಾನಿನ ಶಿನ್ಯ ಕಿಮುರ ಎಂಬ ಹೆಸರಾಂತ ಕುಶಲಿಯು 2010ರಲ್ಲಿ, 1915ರ ‘ಇಂಡಿಯನ್’ ಮೋಟಾರ್ ಸೈಕಲ್ಲೊಂದನ್ನು ಏರಿ, ಅಟ್ಲಾಂಟಿಕ್ ತೀರದಿಂದ ಪೆಸಿಫಿಕ್ ತೀರದವರೆಗಿನ ಹಳೆಯ ಗಾಡಿಗಳ ಓಟದಲ್ಲಿ ಭಾಗವಹಿಸಿದನು. ಕಟ್ಟುವ ಕೈಗೆ ಓಡಿಸುವ ಮೈ ಪಾಠ ಹೇಳುತ್ತದೆ.

ಮಾಡಿದವರು ಯಾರು?

ಇನ್ನು ತಂದೆಯವರ ಮೊದಲ ಪ್ರಶ್ನೆ. ಪೊಲೀಸರು ಬಳಸಿ ಹರಾಜಿಗಿಟ್ಟ ಹಳೆಯ ಹಾರ್ಲಿಗಳನ್ನು ತಂದು ‘ಈಸಿ ರೈಡರ್’ ಚಿತ್ರದ ಗಾಡಿಗಳನ್ನು ರೂಪಿಸಿದವರು ಲಾಸ್ ಏಂಜಲೀಸ್ ನಗರದ ಇಬ್ಬರು ಕರಿಯ ಜನಾಂಗದವರು. ಒಬ್ಬನು ಕ್ಲಿಫರ್ಡ್ ವಾಸ್. ಕರಿಯರ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ದುಡಿದವನು. ಇನ್ನೊಬ್ಬನು ಬೆನ್ ಹಾರ್ಡಿ. ರಿಪೇರಿ ಅಂಗಡಿಯಿಟ್ಟುಕೊಂಡಿದ್ದ ನುರಿತ ಕಸಬುದಾರ. ಚಿತ್ರ ಜಗತ್ತನ್ನೆಲ್ಲ ಸುತ್ತಿತು, ಗಾಡಿಯ ಭಿತ್ತಿಚಿತ್ರ ಲಕ್ಷಾಂತರ ಗೋಡೆಗಳನ್ನೇರಿತು. ಆದರೆ ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಈ ಇಬ್ಬರಿಗೂ ಸ್ಥಳ ದೊರೆಯಲಿಲ್ಲ. ಹಲವು ದಶಕಗಳ ಮೇಲೆ ಮಾತ್ರ ಅವರ ಹೆಸರುಗಳು ಬಹಿರಂಗವಾಗಿ ಕೇಳಿಬಂದವು. ಅಷ್ಟರಲ್ಲಿ, 1994ರಲ್ಲಿ, ಹಾರ್ಡಿ ತೀರಿಕೊಂಡಿದ್ದನು. ವಾಸ್ 2016ರಲ್ಲಿ ಕಾಲವಾದನು. 2014ರಲ್ಲಿ ಆ ಚಿತ್ರದ್ದೆಂದು ಹೇಳಲಾದ ಗಾಡಿಯೊಂದಕ್ಕೆ ಹರಾಜಿನಲ್ಲಿ 13 ಲಕ್ಷ ಡಾಲರಿಗೂ ಮೀರಿದ ಕೂಗು ಬಂದಿತು. ಅದು ಅಸಲಿಯೇ ಎಂಬ ವಿವಾದವೂ ಎದ್ದಿತು. ಗಾಡಿಯ ಅಸಲಿತನಕ್ಕಾಗಿ ನಡೆದ ಚರ್ಚೆಯ ಒಂದು ಪಾಲಾದರೂ ಕೈಗಳ ಹೆಸರಿಗಾಗಿ ಮೊದಲೇ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಅಂಗಡಿಯಲ್ಲಿ

ಹೋದ ವರ್ಷ ಒಬ್ಬ ತರುಣನು ನಮ್ಮ ಅಂಗಡಿಗೆ ಬಂದು, ತನ್ನ ಗಾಡಿಯ ಫೋರ್ಕನ್ನು ಉದ್ದಮಾಡಿ ಮುಂದಿನ ಬ್ರೇಕನ್ನು ತೆಗೆದುಕೊಡಬೇಕೆಂದೂ ಹಣ ಎಷ್ಟಾದರೂ ಆಗಲೆಂದೂ ಕೇಳಿದನು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ವಿವರಗಳು ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ತಂದೆಯವರು ಕಾಯಿದೆಯ ಮಾತೆತ್ತಲಿಲ್ಲ. “ನಾನು ಏರಿ ಮೇಲೆ ಓಡಿಸಲಾರದ ಗಾಡಿನ ನಿನ್ನ ಕೈಗೆ ಹ್ಯಾಗೆ ಕೊಡ್ಲಿ ಮಗಾ?” ಎಂದು ಕಳುಹಿಸಿಬಿಟ್ಟರು. ಆ ತಿಂಗಳು ನನ್ನ ಪರೀಕ್ಷೆಯ ಶುಲ್ಕ ಕಟ್ಟಬೇಕಾಗಿತ್ತು. ಬಂದ ಹಣವನ್ನು ಬಿಟ್ಟರಲ್ಲಾ ಎಂದು ನನಗೆ ಸಿಟ್ಟು ಬಂದಿತೆಂದು ಒಪ್ಪಿಕೊಳ್ಳಬೇಕು. ಮೊನ್ನೆ 97, 229 ಎಂಬ ಅಂಕೆಗಳನ್ನು ಕಾಗದದ ಮೇಲೆ ಬರೆದಾಗ ಆ ಸಿಟ್ಟು ಹೋಯಿತು. ನಾನು ತ್ರಿಕೋನಮಿತಿಯಿಂದ ಕಂಡುದನ್ನು ಅವರು ಅಂಗೈಯಿಂದ ಬಲ್ಲವರಾಗಿದ್ದರು.

ಓದಿದವನು ಎಣ್ಣೆ ಮುಟ್ಟಬಾರದೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ನಮ್ಮ ಮನೆಯಲ್ಲಿಯೂ ಇದೆ. ನಾನು ಆಫೀಸಿನ ಕೆಲಸಕ್ಕೆ ಸೇರಲೆಂಬುದೇ ತಂದೆಯವರ ಇಚ್ಛೆ. ಆ ಇಚ್ಛೆ ನೆರವೇರಿದರೂ, ಕೈಗೆಲಸವನ್ನು ನೋಡುವಾಗ ಹೊಳಪಿನಲ್ಲಿ ನಿಲ್ಲದೆ ಒಳಗಿನ ಬೆಸುಗೆಯನ್ನೂ ಬೆಸೆದವನ ಹೆಸರನ್ನೂ ಕೇಳುವ ಅಭ್ಯಾಸವನ್ನು ನಾನು ಬಿಡಲಾರೆ. ವಾಸ್, ಹಾರ್ಡಿ ಇವರ ಕಥೆಯನ್ನು ತಂದೆಯವರಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಆ ಎರಡು ಹೆಸರುಗಳನ್ನು ಇನ್ನೊಮ್ಮೆ ಹೇಳಿಸಿಕೊಂಡರು. ನಮ್ಮ ಊರಿನ ಗ್ಯಾರೇಜುಗಳಲ್ಲಿ, ಕಮ್ಮಾರಸಾಲೆಗಳಲ್ಲಿ ದುಡಿಯುವ ಕೈಗಳನ್ನೂ ಓದುಗ ಮಿತ್ರರು ಹಾಗೆಯೇ ಹೆಸರು ಹಿಡಿದು ಕೇಳಿದರೆ ನನ್ನ ಈ ಅಲ್ಪ ಪ್ರಯತ್ನ ಸಾರ್ಥಕವಾದಂತೆ.