ಬೆಳಗಿನ ಜಾವ ವ್ಯಾನ್ ಸ್ಟಾರ್ಟ್ ಆಗ್ತಿಲ್ವಾ? ಫ್ಯೂಲ್ ಪಂಪ್ ಬದಲಿಸೋ ಮೊದಲು ಇದನ್ನ ನೋಡಿ

ಸೊಪ್ಪು ಲೋಡ್ ಮಾಡಿ ಮಾರ್ಕೆಟ್‌ಗೆ ಹೊರಡೋ ಹೊತ್ತಿಗೆ ಪೆಟ್ರೋಲ್ ವ್ಯಾನ್ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗಲ್ಲ. ಒಮ್ಮೆ ಆಯ್ತು ಅಂದ್ರೆ ದಿನವಿಡೀ ಚೆನ್ನಾಗೇ ಓಡುತ್ತೆ. ಗ್ಯಾರೇಜಲ್ಲಿ ಕೇಳಿದ್ರೆ "ಪಂಪ್ ಹೋಗಿದೆ" ಅಂತಾರೆ. ಹೋಗಿರಬಹುದು, ಹೋಗದೆಯೂ ಇರಬಹುದು.

ಬಾವಿ ಮೋಟಾರಿನ ಫುಟ್‌ವಾಲ್ವ್ ಸೋರಿದರೆ ಏನಾಗುತ್ತೆ? ಆಫ್ ಮಾಡಿದ ಮೇಲೆ ಪೈಪಿನ ನೀರೆಲ್ಲ ಕೆಳಗಿಳಿಯುತ್ತೆ, ಮತ್ತೆ ನೀರು ತುಂಬಿಸಬೇಕು. ಟ್ಯಾಂಕಿನೊಳಗಿನ ಫ್ಯೂಲ್ ಪಂಪ್‌ನಲ್ಲೂ ಇದೇ ಕೆಲಸಕ್ಕೆ ಒಂದು ಚಿಕ್ಕ ಚೆಕ್ ವಾಲ್ವ್ ಇದೆ. ಅದು ಸೋರಿದರೆ ರಾತ್ರಿಯಿಡೀ ಪ್ರೆಷರ್ ಇಳಿಯುತ್ತೆ.

ಬೆಳಿಗ್ಗೆ ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ. ಹೆಚ್ಚಿನ ಗಾಡಿಗಳಲ್ಲಿ ಟ್ಯಾಂಕ್ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಅನ್ನೋ ಸದ್ದು ಬರುತ್ತೆ. ಆಫ್ ಮಾಡಿ, ಹೀಗೇ 3 ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆದರೆ ಪಂಪ್ ಪೆಟ್ರೋಲ್ ತಳ್ಳುತ್ತಿದೆ, ಪ್ರೆಷರ್ ಮಾತ್ರ ನಿಲ್ಲುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ, ವೈರ್ ನೋಡಿ. ತೋಟದ ಶೆಡ್‌ನಲ್ಲಿ ನಿಲ್ಲೋ ಗಾಡಿಯ ವೈರನ್ನ ಇಲಿ ಬಿಡೋದಿಲ್ಲ!

ಪ್ರೆಷರ್ ಎಲ್ಲಿ ಸೋರ್ತಿದೆ ಅಂತ ತಿಳಿಯೋಕೆ ಮೆಕ್ಯಾನಿಕ್ ಹತ್ರ ಗೇಜ್ ಹಾಕಿಸಿ. ನಮ್ಮ ಡ್ರಿಪ್ ಗೇಜ್ ಪೆಟ್ರೋಲಿಗೆ ಖಂಡಿತ ಬೇಡ. ಪೆಟ್ರೋಲ್ ಇಂಜೆಕ್ಷನ್ ಗಾಡಿಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತೆ. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಆಫ್ ಮಾಡಿದ ತಕ್ಷಣ ಮುಳ್ಳು ಸರಸರ ಇಳಿದರೆ ಸೋರಿಕೆ ಖಚಿತ. ಆಗ ಟ್ಯಾಂಕಿನಿಂದ ಬರೋ ರಬ್ಬರ್ ಹೋಸನ್ನ ಗೇಜಿಗಿಂತ ಹಿಂದೆ ಕ್ಲ್ಯಾಂಪ್ ಮಾಡಿಸಿ. ಮುಳ್ಳು ನಿಂತರೆ ದೋಷ ಟ್ಯಾಂಕ್ ಕಡೆ: ಚೆಕ್ ವಾಲ್ವ್, ಇಲ್ಲವೇ ಟ್ಯಾಂಕಿನೊಳಗೇ ಇರೋ ರೆಗ್ಯುಲೇಟರ್. ಇನ್ನೂ ಇಳಿದರೆ ಇಂಜಿನ್ ಕಡೆ: ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಕೆಲವು ಗಾಡಿಗಳಲ್ಲಿ ರೆಗ್ಯುಲೇಟರ್ರೂ ಅಲ್ಲೇ ಇರುತ್ತೆ. ಇಂಜೆಕ್ಟರ್ ಸೋರಿದ್ರೆ ಸ್ಟಾರ್ಟ್ ಆದಾಗ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬರಬಹುದು. ಪ್ಲಾಸ್ಟಿಕ್ ಪೈಪ್ ಆಗಿದ್ದರೆ ಕ್ಲ್ಯಾಂಪ್ ಹಾಕಬೇಡಿ, ಸೀಳುತ್ತೆ.

ಲೋಡ್ ಹಾಕಿ ದಿಣ್ಣೆ ಏರುವಾಗ ಗಾಡಿ ಎಳೆಯದಿದ್ದರೆ ಅದು ಬೇರೆ ಕಥೆ. ಫಿಲ್ಟರ್ ಕಟ್ಟಿರಬಹುದು, ಪಂಪ್ ಸವೆದಿರಬಹುದು, ಅಥವಾ ಪಂಪಿಗೆ ಸರಿಯಾದ ವೋಲ್ಟೇಜ್ ಸಿಗುತ್ತಿಲ್ಲ. ಪಂಪ್ ಓಡುವಾಗಲೇ ಅದರ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಇಡಿಸಿ. ಬ್ಯಾಟರಿಗಿಂತ 1 ವೋಲ್ಟ್‌ಗೂ ಹೆಚ್ಚು ಕಡಿಮೆ ತೋರಿಸಿದರೆ ಹೊಸ ಪಂಪ್ ಹಾಕಿದರೂ ಸಮಸ್ಯೆ ಹೋಗಲ್ಲ. ಅರ್ಥ್ ವೈರ್ ತುಕ್ಕು ಹಿಡಿದಿದೆಯಾ ನೋಡಿಸಿ.

ಚೆಕ್ ವಾಲ್ವ್ ಒಂದೇ ಸಾಮಾನ್ಯವಾಗಿ ಸಿಗಲ್ಲ, ಪಂಪ್ ಪೂರ್ತಿ ಬದಲಿಸಬೇಕು. ಆದ್ರೆ ಅದೊಂದೇ ದೋಷ ಆಗಿದ್ದು ಹೊರಗೆಲ್ಲೂ ಪೆಟ್ರೋಲ್ ಸೋರದಿದ್ದರೆ, ನನ್ನ ಪ್ರಕಾರ ಫಸಲಿನ ದುಡ್ಡು ಬರೋವರೆಗೆ ಮೂರು ಸಲ ಕೀ ತಿರುಗಿಸಿಯೇ ಓಡಿಸಬಹುದು. ಟ್ಯಾಂಕ್ ಮಾತ್ರ ಕಾಲು ಭಾಗಕ್ಕಿಂತ ಕೆಳಗಿಳಿಸಬೇಡಿ, ಈ ಪಂಪ್ ತಣ್ಣಗಾಗೋದೇ ಪೆಟ್ರೋಲಿನಿಂದ.

ಡೀಸೆಲ್ ಕಾಮನ್ ರೈಲ್ ಗಾಡಿಗೆ ಈ ಯಾವ ಪರೀಕ್ಷೆಯನ್ನೂ ನೀವೇ ಮಾಡೋಕೆ ಹೋಗಬೇಡಿ. ಅಲ್ಲಿ ಪ್ರೆಷರ್ 1000 ಬಾರ್ ದಾಟುತ್ತೆ, ಸಣ್ಣ ಸೋರಿಕೆಯೂ ಚರ್ಮ ತೂರಿ ಒಳಗೆ ಹೋಗುತ್ತೆ.