ಕೂಲಿಯ ಲೆಕ್ಕಕ್ಕೆ ಪ್ರದೇಶವನ್ನು ಗೊತ್ತುಮಾಡುವ ಕ್ರಮ

ಒಂದು ಸೀಮೆಯಲ್ಲಿ ದುಡಿಯತಕ್ಕವರೆಷ್ಟು ಮಂದಿ, ಕೆಲಸವಿಲ್ಲದವರೆಷ್ಟು ಮಂದಿ, ಕೂಲಿಯ ದರವೇನು ಎಂಬ ಅಂಕಿ ಅಂಶಗಳನ್ನು ಸರ್ಕಾರದವರು ಪ್ರಕಟಿಸುವರು. ಇವುಗಳನ್ನು ಓದುವವರು ಮೊದಲು ವಿಚಾರಿಸತಕ್ಕ ವಿಷಯವೊಂದುಂಟು: ಆ ಸೀಮೆಯ ಎಲ್ಲೆ ಯಾವುದು? ಎಲ್ಲೆ ಬದಲಾದರೆ, ಜನರ ಸ್ಥಿತಿ ಬದಲಾಗದಿದ್ದರೂ ಅಂಕಿಗಳು ಬದಲಾಗುವುವು.

ತಾಲ್ಲೂಕು, ಜಿಲ್ಲೆಗಳ ಎಲ್ಲೆಗಳು ಕಂದಾಯಕ್ಕೂ ಆಡಳಿತಕ್ಕೂ ಏರ್ಪಟ್ಟವು. ಕೂಲಿಯವರು ಅವುಗಳನ್ನು ನೋಡಿ ಕೆಲಸಕ್ಕೆ ಹೋಗುವುದಿಲ್ಲ. ಮಳೆಯಾಶ್ರಯದ ಒಂದು ಹಳ್ಳಿಯ ಹೆಂಗಸರು ನಾಟಿಯ ಕಾಲದಲ್ಲಿ ನೆರೆಯ ತಾಲ್ಲೂಕಿನ ನಾಲೆಯ ಬಯಲಿಗೆ ಹೋಗಿ ಸಂಜೆ ಹಿಂತಿರುಗುವರೆಂದಿಟ್ಟುಕೊಂಡರೆ, ಮನೆಯಿರುವ ಕಡೆ ಅವರನ್ನು ಎಣಿಸಿದಾಗ ಆ ಹಳ್ಳಿಯಲ್ಲಿಯೇ ಕೆಲಸ ಬೇಕಾದಷ್ಟಿರುವಂತೆ ತೋರುವುದು. ವಾಸ್ತವವಾಗಿ ಕೂಲಿಯ ಮಟ್ಟಿಗೆ ಆ ಎರಡು ಸ್ಥಳಗಳೂ ಸೇರಿ ಒಂದೇ ಪೇಟೆ.

1. ಪರದೇಶಗಳ ಕ್ರಮ

ಬ್ರಿಟನ್ನಿನಲ್ಲಿ ‘ಕೆಲಸಕ್ಕೆ ಹೋಗಿಬರುವ ಪ್ರದೇಶ’ಗಳೆಂಬ ವಿಭಾಗವುಂಟು. ಪ್ರದೇಶದಲ್ಲಿ ವಾಸಿಸುವ ಕೆಲಸಗಾರರಲ್ಲಿ ನೂರಕ್ಕೆ 75 ಮಂದಿಯಾದರೂ ಅಲ್ಲಿಯೇ ದುಡಿಯುತ್ತಿರಬೇಕು. ಅಲ್ಲಿ ದುಡಿಯುವವರಲ್ಲಿಯೂ ನೂರಕ್ಕೆ 75 ಮಂದಿಯಾದರೂ ಅಲ್ಲಿಯೇ ವಾಸಿಸುತ್ತಿರಬೇಕು. ಕೆಲಸಗಾರರ ಸಂಖ್ಯೆ 3,500ಕ್ಕೆ ಕಡಮೆಯಾಗಕೂಡದು. ಕೆಲಸಗಾರರು 25,000ಕ್ಕೆ ಮೇಲ್ಪಟ್ಟಿರುವ ಪ್ರದೇಶಗಳಿಗೆ ನೂರಕ್ಕೆ ಸುಮಾರು 67ರವರೆಗೆ ರಿಯಾಯಿತಿ ಉಂಟು. 2011ರ ಜನಗಣತಿಯ ಆಧಾರದಿಂದ ಇಂತಹ 228 ಪ್ರದೇಶಗಳು ಗೊತ್ತಾದುವು.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 50,000 ಅಥವಾ ಅದಕ್ಕೆ ಮೇಲ್ಪಟ್ಟ ಜನರುಳ್ಳ ಪಟ್ಟಣವನ್ನು ನಡುವಿಟ್ಟು, ಅದಿರುವ ಕೌಂಟಿಯೊಡನೆ ಸುತ್ತಣ ಕೌಂಟಿಗಳನ್ನು ಕೂಡಿಸುವರು. ಹೊರಗಿನ ಕೌಂಟಿಯ ಕೆಲಸಗಾರರಲ್ಲಿ ನೂರಕ್ಕೆ 25 ಮಂದಿ ನಡುವಣ ಕೌಂಟಿಗೆ ಕೆಲಸಕ್ಕೆ ಹೋಗುತ್ತಿದ್ದರೆ, ಇಲ್ಲವೆ ಆ ಕೌಂಟಿಯ ಕೆಲಸಗಳಲ್ಲಿ ನೂರಕ್ಕೆ 25ನ್ನು ನಡುವಣ ಕೌಂಟಿಯ ನಿವಾಸಿಗಳು ಮಾಡುತ್ತಿದ್ದರೆ, ಅದು ಪ್ರದೇಶಕ್ಕೆ ಸೇರುವುದು. ಎರಡು ದೇಶಗಳಲ್ಲಿಯೂ ಜನರ ದಿನನಿತ್ಯದ ಓಡಾಟವೇ ಎಲ್ಲೆಗೆ ಅಳತೆಗೋಲು.

2. ನಮ್ಮ ದೇಶದ ಕ್ರಮ

ಭಾರತದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಬೆಳೆ, ಹವೆ, ಜನಸಾಂದ್ರತೆಗಳಲ್ಲಿ ಹೋಲುವ ನೆರೆಹೊರೆಯ ಜಿಲ್ಲೆಗಳನ್ನು ಕೂಡಿಸಿ ವಲಯಗಳನ್ನು ಮಾಡಿರುವರು. ಕರ್ನಾಟಕದಲ್ಲಿ ಕರಾವಳಿ ಮತ್ತು ಘಟ್ಟ, ಪೂರ್ವ ಒಳನಾಡು, ದಕ್ಷಿಣ ಒಳನಾಡು, ಉತ್ತರ ಒಳನಾಡು ಎಂಬ ನಾಲ್ಕು ವಲಯಗಳಿವೆ. ವಲಯವು ರಾಜ್ಯದ ಗಡಿಯನ್ನು ದಾಟುವುದಿಲ್ಲ. 2017ರಲ್ಲಿ ಪ್ರಾರಂಭವಾದ ಶ್ರಮಶಕ್ತಿ ಸಮೀಕ್ಷೆಯಲ್ಲಿ 2025ರ ಜನವರಿಯಿಂದ ಬಹುತೇಕ ಕಡೆಗಳಲ್ಲಿ ಜಿಲ್ಲೆಯೇ ಮಾದರಿಯನ್ನು ಆಯುವ ಮೂಲಘಟಕವಾಗಿದೆ. ಇದರಿಂದ ಲೆಕ್ಕವು ಊರಿಗೆ ಹತ್ತಿರವಾಯಿತು. ಆದರೆ ಎಲ್ಲೆಯು ಕಂದಾಯದ ಎಲ್ಲೆಯಾಗಿಯೇ ಉಳಿಯಿತು.

ಪಟ್ಟಣವನ್ನು ಹಳ್ಳಿಯಿಂದ ಬೇರ್ಪಡಿಸುವುದಕ್ಕೆ ಮಾತ್ರ ಉದ್ಯೋಗವೇ ಒಂದು ಒರೆಗಲ್ಲು. 2011ರ ಜನಗಣತಿಯ ಪ್ರಕಾರ, ಪುರಸಭೆ ಮೊದಲಾದುವಿಲ್ಲದ ಊರು ಪಟ್ಟಣವೆನಿಸಬೇಕಾದರೆ ಜನಸಂಖ್ಯೆ 5,000ಕ್ಕೆ ಕಡಮೆಯಿರಕೂಡದು. ಚದರ ಕಿಲೋಮೀಟರಿಗೆ 400 ಜನರಾದರೂ ಇರಬೇಕು. ಮುಖ್ಯ ಕೆಲಸಗಾರರಾದ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ವ್ಯವಸಾಯೇತರ ಕಸುಬಿನವರಾಗಿರಬೇಕು. ಹೆಂಗಸರ ದುಡಿಮೆ ಈ ಲೆಕ್ಕಕ್ಕೆ ಬಾರದು. ಗಂಡಸರು ಕಾರ್ಖಾನೆಗಳಿಗೂ ಹೆಂಗಸರು ಹೊಲಗಳಿಗೂ ಹೋಗುವ ಊರು, ಉಳಿದ ಷರತ್ತುಗಳು ಕೂಡಿಬಂದರೆ, ಪಟ್ಟಣವೆಂದೇ ಎಣಿಕೆಯಾಗುವುದು.

3. ಉಳಿದಿರುವ ಕೊರತೆ

ಅದೇ ಜನಗಣತಿಯಲ್ಲಿ, ಕೆಲಸದ ಸ್ಥಳ ಮನೆಗೆಷ್ಟು ದೂರ, ಯಾವ ವಾಹನದಲ್ಲಿ ಪ್ರಯಾಣ ಎಂಬ ಪ್ರಶ್ನೆಯನ್ನು ‘ಇತರ ಕೆಲಸಗಾರರಿಗೆ’ ಮಾತ್ರ ಕೇಳಲಾಯಿತು. ಸಾಗುವಳಿದಾರರನ್ನೂ ವ್ಯವಸಾಯದ ಕೂಲಿಯವರನ್ನೂ ಮನೆಗೈಗಾರಿಕೆಯವರನ್ನೂ ಕೇಳಲಿಲ್ಲ. ಆದಕಾರಣ ಹೊಲದ ಕೆಲಸಕ್ಕೆ ಹೋಗಿಬರುವವರ ದಾರಿಯನ್ನು ಹಿಡಿದು ಎಲ್ಲೆಯನ್ನು ಗೆರೆಯೆಳೆಯುವುದಕ್ಕೆ ಆ ಗಣತಿಯಲ್ಲಿ ಆಧಾರ ದೊರೆಯದು. ಒಂದು ಜಿಲ್ಲೆಯ ಸರಾಸರಿಯನ್ನು ನೋಡಿ ಕೂಲಿಯಾಳುಗಳಿಗೆ ಅಭಾವವಿಲ್ಲವೆಂದು ತೀರ್ಮಾನಿಸಿದರೆ, ನಾಲೆಯ ಬಯಲಿನಲ್ಲಿ ಪೈರು ಕೊಯ್ಲಾಗದೆ ನಿಂತಿರುವುದೂ, ಬೆದ್ದಲಿನ ಹಳ್ಳಿಯಲ್ಲಿ ಜನರು ಕೆಲಸವಿಲ್ಲದೆ ಕುಳಿತಿರುವುದೂ ಏಕಕಾಲದಲ್ಲಿ ಮರೆಯಾಗಬಹುದು.

ಆದ್ದರಿಂದ ಕೂಲಿಯ ಅಂಕಿಗಳನ್ನು ಉಪಯೋಗಿಸುವವರು ಮೂರು ಸಂಗತಿಗಳನ್ನು ಪರೀಕ್ಷಿಸತಕ್ಕದ್ದು: ಎಲ್ಲೆ ಯಾವುದು, ಎಣಿಸಿದ್ದು ವಾಸದ ಸ್ಥಳದಲ್ಲಿಯೋ ಕೆಲಸದ ಸ್ಥಳದಲ್ಲಿಯೋ, ಎಣಿಸಿದ್ದು ಯಾವ ತಿಂಗಳಲ್ಲಿ. ಗ್ರಾಮ ಪಂಚಾಯತಿಯವರು ತಮ್ಮ ಊರಿನಿಂದ ಯಾವ ಕಾಲದಲ್ಲಿ ಎಷ್ಟು ಮಂದಿ ಎಲ್ಲಿಗೆ ಕೂಲಿಗೆ ಹೋಗುವರೆಂಬುದನ್ನು ವರ್ಷವರ್ಷವೂ ಬರೆದಿಟ್ಟರೆ, ಜಿಲ್ಲೆಯ ಸರಾಸರಿಯಲ್ಲಿ ಕಾಣದ ಸಂಗತಿಗಳು ಆ ಒಂದು ಪುಸ್ತಕದಿಂದ ತಿಳಿದುಬರುವುವು.