ಮನೆಯ ಮೇಲೆ ಸೋಲಾರ್: ಸಬ್ಸಿಡಿ ಎಷ್ಟು, ತೆರಿಗೆ ಲಾಭ ಯಾರಿಗೆ?

"ಮನೆಯ ಮೇಲೆ ಸೋಲಾರ್ ಹಾಕಿಸಿದರೆ ಸರ್ಕಾರ ಹಣ ಕೊಡುತ್ತದಂತೆ, ನಿಜವಾ?" ಎಂದು ಅಬ್ಬಾ ಕೇಳಿದರು. ಮನೆಯಲ್ಲಿ ಕಾಮರ್ಸ್ ಓದುವವನು ನಾನೊಬ್ಬನೇ. ಲೆಕ್ಕ ನನ್ನ ಪಾಲಿಗೆ ಬಂತು.

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜ್ಲಿ ಯೋಜನೆ’ ಆರಂಭಿಸಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಸಬ್ಸಿಡಿ. ಒಟ್ಟು 78,000 ರೂ.; ಇನ್ನೂ ದೊಡ್ಡದು ಹಾಕಿಸಿದರೂ ಅಷ್ಟೇ. ‘ಮುಫ್ತ್’ ಪದದ ಅರ್ಥ ನಮ್ಮ ಮನೆಯಲ್ಲಿ ಯಾರಿಗೂ ಹೇಳಬೇಕಿಲ್ಲ. ಆದರೆ ಇಲ್ಲಿ ಮೊದಲು ಹಣ ಕಟ್ಟಬೇಕು, ಘಟಕ ಚಾಲೂ ಆದ ಮೇಲೆ ಸಬ್ಸಿಡಿ ಬ್ಯಾಂಕ್ ಖಾತೆಗೆ ಬರುತ್ತದೆ.

3 ಕಿಲೋವ್ಯಾಟ್‌ಗೆ 1,80,000 ರೂ. ವೆಚ್ಚ ಎಂದಿಟ್ಟುಕೊಳ್ಳಿ. ತಿಂಗಳಿಗೆ 300 ಯೂನಿಟ್, ಯೂನಿಟ್‌ಗೆ 6 ರೂ. ಎಂದರೆ ವರ್ಷದ ಉಳಿತಾಯ 21,600 ರೂ. ಸಬ್ಸಿಡಿ ಕಳೆದು ಉಳಿಯುವ 1,02,000 ರೂ. ಐದು ವರ್ಷದೊಳಗೆ ವಾಪಸ್. ಸಬ್ಸಿಡಿ ಇಲ್ಲದಿದ್ದರೆ ಎಂಟು ವರ್ಷ ದಾಟುತ್ತದೆ. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುವ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಉಳಿಸಲು ಬಿಲ್ಲೇ ಇಲ್ಲ. ನಮ್ಮದು 200 ಯೂನಿಟ್ ದಾಟುವ ಮನೆ, ಪೂರ್ತಿ ಬಿಲ್ ಕಟ್ಟುತ್ತೇವೆ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಇದು ಎಲ್ಲರಿಗೂ ಸಿಗುವ ಲಾಭ. ಆದಾಯ ತೆರಿಗೆಯ ಕಥೆ ಬೇರೆ. ಅಂಗಡಿ, ಕಾರ್ಖಾನೆಯವರು ಸೋಲಾರ್ ಘಟಕದ ಮೇಲೆ ಶೇ 40ರ ದರದಲ್ಲಿ ಸವಕಳಿ ತೋರಿಸಿ ತೆರಿಗೆ ಇಳಿಸಿಕೊಳ್ಳಬಹುದು. ನಾವು ಪ್ರಥಮ ಪಿಯುಸಿಯಲ್ಲಿ ಓದಿದ ಅದೇ ಸವಕಳಿ. ಸ್ವಂತ ಮನೆಯ ಬಳಕೆ ವ್ಯಾಪಾರವಲ್ಲ, ಹಾಗಾಗಿ ನಮಗೆ ಅದಿಲ್ಲ. ಅಂಗಡಿಗೆ ಈ ಸಬ್ಸಿಡಿ ಇಲ್ಲ, ಮನೆಗೆ ಸವಕಳಿ ಇಲ್ಲ.

ಲೆಕ್ಕ ಸರಿಹೋಯಿತು, ಕಾಗದ ಸರಿಹೋಗಲಿಲ್ಲ. ಅರ್ಜಿದಾರರ ಹೆಸರಿನಲ್ಲೇ ವಿದ್ಯುತ್ ಸಂಪರ್ಕ ಇರಬೇಕು. ನಮ್ಮ ಬಿಲ್ ಇಂದಿಗೂ ತೀರಿಹೋದ ದಾದಾ ಅವರ ಹೆಸರಿನಲ್ಲಿ ಬರುತ್ತಿದೆ. ಹೆಸರು ಬದಲಿಸಲು ವಾರಸುದಾರರೆಲ್ಲರ ಒಪ್ಪಿಗೆ ಬೇಕು, ಅವರಲ್ಲಿ ಇಬ್ಬರು ಫುಪ್ಪುಗಳೂ ಸೇರಿದ್ದಾರೆ. ಬಡ್ಡಿ ಸಾಲ ಬೇಡವೆಂದು ಅಬ್ಬಾ ಹಣ ಕೂಡಿಡುತ್ತಿದ್ದಾರೆ. ಅಷ್ಟರಲ್ಲಿ ಫುಪ್ಪುಗಳ ಸಹಿ ಮಾಡಿಸುವ ಕೆಲಸ ನನ್ನದು. ನಿಮ್ಮ ಮನೆಯ ಬಿಲ್ ಯಾರ ಹೆಸರಿನಲ್ಲಿದೆ, ಇವತ್ತೇ ನೋಡಿ.